ಪೋರ್ಚುಗೀಸ್ ಅಧಿಕೃತ ಭಾಷೆಯಾಗಿರುವ ದೇಶಗಳು ಎಂಟೋ ಒಂಬತ್ತೋ? ಮಗಳ ಉತ್ತರ ತಪ್ಪಾ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಭೂಪಟ ಅಂದರೆ ಅವಳಿಗೆ ಪ್ರಾಣ. ಕಳೆದ ವಾರ ಒಂದು ಕ್ವಿಜ್‌ನಲ್ಲಿ "ಪೋರ್ಚುಗೀಸ್ ಎಷ್ಟು ದೇಶಗಳಲ್ಲಿ ಅಧಿಕೃತ ಭಾಷೆ?" ಅಂತ ಕೇಳಿದ್ದಾರೆ. ಇವಳು ಒಂಬತ್ತು ಅಂದಳು. ನಡೆಸಿದವರ ಹಾಳೆಯಲ್ಲಿ ಎಂಟು ಇತ್ತಂತೆ. ಆ ಒಂದು ಅಂಕದಲ್ಲೇ ತಂಡ ಸೋತಿತು. ಮನೆಗೆ ಬಂದವಳು ಊಟವನ್ನೂ ಮಾಡದೆ ಮಲಗಿದಳು.

ನಾನು ಹುಡುಕಿದರೆ ಒಂದು ಕಡೆ ಎಂಟು, ಇನ್ನೊಂದು ಕಡೆ ಒಂಬತ್ತು, ಮತ್ತೊಂದು ಕಡೆ ಹತ್ತು ಅಂತ ಇದೆ. ಯಾವುದು ಸರಿ? ಹಾಗೇ ಅವಳದ್ದು ಇನ್ನೊಂದು ಪ್ರಶ್ನೆ. ಗೋವಾ ನಾನೂರೈವತ್ತು ವರ್ಷ ಅವರ ಕೈಯಲ್ಲಿತ್ತು, ಅಲ್ಲಿ ಯಾಕೆ ಪೋರ್ಚುಗೀಸ್ ಇಲ್ಲ? ನನಗೆ ಉತ್ತರ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಭೂಪಟಪ್ರಿಯ

ಮಗಳು ಹೇಳಿದ್ದೇ ಸರಿ ಮೇಡಂ. ಒಂಬತ್ತು. ಪೋರ್ಚುಗಲ್, ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್, ಗಿನಿ-ಬಿಸ್ಸಾವ್, ಕೇಪ್ ವರ್ಡ್, ಸಾವೊ ಟೋಮೆ ಮತ್ತು ಪ್ರಿನ್ಸಿಪೆ, ಪೂರ್ವ ಟಿಮೋರ್. ಇಲ್ಲಿಗೆ ಎಂಟಾಯಿತು. ಹಳೇ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ಒಂಬತ್ತನೆಯದು ಆಫ್ರಿಕಾದ ಈಕ್ವಟೋರಿಯಲ್ ಗಿನಿ. ಅಲ್ಲಿ ಮೊದಲಿನಿಂದ ಸ್ಪ್ಯಾನಿಷ್ ಇತ್ತು, ಆಮೇಲೆ ಫ್ರೆಂಚ್ ಸೇರಿತು, 2010ರಲ್ಲಿ ಪೋರ್ಚುಗೀಸ್ ಕೂಡ ಸೇರಿತು. 2014ರಲ್ಲಿ ಪೋರ್ಚುಗೀಸ್ ಭಾಷಾ ದೇಶಗಳ ಒಕ್ಕೂಟವೂ ಅದನ್ನು ಸದಸ್ಯ ಮಾಡಿಕೊಂಡಿತು.

ಹತ್ತು ಅನ್ನುವವರು ಮಕಾವ್ ಸೇರಿಸಿರುತ್ತಾರೆ. ಅದು ದೇಶ ಅಲ್ಲ, ಚೀನಾದ ಭಾಗ.

ತುಮಕೂರು ಸೀಮೆ

ಒಪ್ಪುವುದಿಲ್ಲ ಸರ್. ಈಕ್ವಟೋರಿಯಲ್ ಗಿನಿಯಲ್ಲಿ ಪೋರ್ಚುಗೀಸ್ ಮಾತಾಡುವವರು ಎಷ್ಟು ಜನ? ಸ್ಪೇನ್ ಆಳಿದ ದೇಶ ಅದು. ಎಣ್ಣೆ ದುಡ್ಡು ಬಂದ ಮೇಲೆ ಒಕ್ಕೂಟದಲ್ಲಿ ಸೇರಲು ಸುಮ್ನೆ ಒಂದು ಆದೇಶ ಹೊರಡಿಸಿದರು. ಅದನ್ನು ಲೆಕ್ಕಕ್ಕೆ ಹಿಡಿದರೆ ಭಾಷೆ ಅನ್ನುವ ಮಾತಿಗೆ ಬೆಲೆ ಏನು? ಎಂಟು ಅಂತ ಬರೆದವರು ಯೋಚಿಸಿಯೇ ಬರೆದಿರಬಹುದು.

ಭೂಪಟಪ್ರಿಯ

ಪ್ರಶ್ನೆಯಲ್ಲಿ "ಅಧಿಕೃತ" ಅಂತ ಇದೆಯಲ್ಲ ಸರ್. ಎಷ್ಟು ಜನ ಮಾತಾಡುತ್ತಾರೆ ಅಂತ ಕೇಳಿಲ್ಲ. ಕಾನೂನು ಏನು ಹೇಳುತ್ತದೋ ಅದೇ ಉತ್ತರ.

ಅಲ್ಲದೆ ಪೂರ್ತಿ ಬೇರಿಲ್ಲದ ಮಾತೂ ಅಲ್ಲ ಅದು. ಆ ದೇಶದ ಅನ್ನೊಬೊನ್ ಅನ್ನುವ ದ್ವೀಪ 1778ರವರೆಗೆ ಪೋರ್ಚುಗಲ್ ಕೈಯಲ್ಲಿತ್ತು. ಆ ವರ್ಷದ ಒಪ್ಪಂದದಲ್ಲಿ ಸ್ಪೇನ್‌ಗೆ ಹೋಯಿತು. ಅಲ್ಲಿನ ಜನ ಇವತ್ತಿಗೂ ಪೋರ್ಚುಗೀಸ್‌ನಿಂದ ಹುಟ್ಟಿದ ಒಂದು ಮಿಶ್ರಭಾಷೆ ಆಡುತ್ತಾರೆ. ಸ್ಪೇನ್ ಬಂದು ಹೋದರೂ ಅದು ಉಳಿದುಕೊಂಡಿದೆ.

ತುಮಕೂರು ಸೀಮೆ

ಅನ್ನೊಬೊನ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಸಣ್ಣ ದ್ವೀಪಕ್ಕಾಗಿ ಇಡೀ ದೇಶವನ್ನು ಎಣಿಸಬೇಕಾ ಅನ್ನುವುದು ನನ್ನ ಪ್ರಶ್ನೆ.

ಗೇರುಬೀಜ ಕಾರ್ಕಳ

ಮಾರಾಯ್ರೆ, ಕಾಗದದ ಭಾಷೆ ಬೇರೆ, ಬಾಯಿಯ ಭಾಷೆ ಬೇರೆ. ಅದು ನಿಮ್ಮ ಒಂಬತ್ತನೇ ದೇಶದಲ್ಲಿ ಮಾತ್ರ ಅಲ್ಲ. ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ.

ನಮ್ಮದು ಗೇರುಬೀಜದ ಕಾರ್ಖಾನೆ. ನಮ್ಮೂರಿನ ಬೆಳೆ ಕಾರ್ಖಾನೆಗಳಿಗೆ ಸಾಲುವುದಿಲ್ಲ. ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಅದರಲ್ಲಿ ಗಿನಿ-ಬಿಸ್ಸಾವ್‌ನ ಬೀಜಕ್ಕೆ ಒಳ್ಳೆಯ ಹೆಸರು. ಆ ದೇಶ ಬದುಕುವುದೇ ಗೇರಿನ ಮೇಲೆ. ಮೂರು ಸೀಸನ್‌ಗೆ ನಾನೇ ಹೋಗಿದ್ದೆ. ಹೋಗುವ ಮುಂಚೆ ಮೂರು ತಿಂಗಳು ಪೋರ್ಚುಗೀಸ್ ಕಲಿತೆ. ಮೊಬೈಲ್‌ನಲ್ಲಿ ದಿನಾ ರಾತ್ರಿ ಒಂದು ಗಂಟೆ.

ಅಲ್ಲಿ ಇಳಿದು ಬಂದರಿನ ಕಚೇರಿಗೆ ಹೋದೆ. ಕಾಗದ ಎಲ್ಲ ಪೋರ್ಚುಗೀಸ್. ನನ್ನ ಕಲಿಕೆ ಸಾರ್ಥಕ ಅನಿಸಿತು. ಮಾರನೇ ದಿನ ಹಳ್ಳಿಗೆ ಹೋದೆ. ಒಂದು ಮಾತೂ ಅರ್ಥ ಆಗಲಿಲ್ಲ. ಅಲ್ಲಿ ಎಲ್ಲರೂ ಆಡುವುದು ಕ್ರಿಯೋಲ್. ಪೋರ್ಚುಗೀಸ್ ಪದಗಳೇ ಜಾಸ್ತಿ, ಆದರೆ ವ್ಯಾಕರಣ ಪೂರ್ತಿ ಬೇರೆ. ಯಾರನ್ನಾದರೂ ಕಂಡರೆ "ಕುಮಾ ದಿ ಕುರ್ಪು?" ಅಂತ ಕೇಳುತ್ತಾರೆ. ಮೈ ಹೇಗಿದೆ ಅಂತ. ನಮ್ಮಲ್ಲಿ "ಹುಷಾರಿದ್ದೀರಾ" ಅನ್ನುತ್ತೇವಲ್ಲ, ಹಾಗೆ. ಅದನ್ನು ಕಲಿತ ಮೇಲೆ ವ್ಯಾಪಾರ ಸಲೀಸಾಯಿತು. ನನ್ನ ಶುದ್ಧ ಪೋರ್ಚುಗೀಸ್ ಕೇಳಿ ಹಳ್ಳಿಯವರು ದೂರ ನಿಲ್ಲುತ್ತಿದ್ದರು. ಸರ್ಕಾರದವ ಬಂದ ಅನ್ನುವ ಹಾಗೆ.

ಹಾಸನದ ಅಮ್ಮ

ಅಣ್ಣ, ಇದನ್ನು ಮಗಳಿಗೆ ಓದಿ ಹೇಳಿದೆ. "ಹಾಗಾದರೆ ಅಧಿಕೃತ ಭಾಷೆ ಅಂದರೆ ಯಾರ ಭಾಷೆ?" ಅಂತ ಕೇಳುತ್ತಿದ್ದಾಳೆ.

ಚೆನ್ನಮ್ಮ ಕಿತ್ತೂರಿನವಳು

ನಿಮ್ಮ ಮಗಳಿಗೆ ನನ್ನದೊಂದು ಶಾಬಾಸ್ ಹೇಳಿ.

ತೆಟೆಯಿಂದ ಸೌಮ್ಯಕ್ಕ

ನಾನು ಮೊಜಾಂಬಿಕ್‌ನ ತೆಟೆ ಪ್ರಾಂತದಲ್ಲಿ ನಾಲ್ಕು ವರ್ಷ ಇದ್ದೆ. ಯಜಮಾನರು ಕಲ್ಲಿದ್ದಲು ಗಣಿಯಲ್ಲಿ ಇಂಜಿನಿಯರ್. ಗೇರುಬೀಜದ ಅಣ್ಣ ಹೇಳಿದ್ದು ನಿಜ. ಆದರೆ ಒಂದೊಂದು ದೇಶದ ಕಥೆ ಒಂದೊಂದು ಥರ.

ಮೊಜಾಂಬಿಕ್‌ನಲ್ಲಿ ಎಲ್ಲರನ್ನೂ ಸೇರಿಸುವ ಕ್ರಿಯೋಲ್ ಇಲ್ಲ. ಉತ್ತರದಲ್ಲಿ ಮಖುವಾ, ನಡುವೆ ಸೇನಾ, ದಕ್ಷಿಣದಲ್ಲಿ ಶಾಂಗಾನಾ. ಒಬ್ಬರಿಗೊಬ್ಬರ ಮಾತು ಅರ್ಥ ಆಗುವುದಿಲ್ಲ. 1975ರಲ್ಲಿ ಸ್ವಾತಂತ್ರ್ಯ ಬಂದಾಗ ಫ್ರೆಲಿಮೊ ಪಕ್ಷದವರು ಪೋರ್ಚುಗೀಸ್ ಅನ್ನೇ ಇಟ್ಟುಕೊಂಡರು. ಹತ್ತು ವರ್ಷ ಪೋರ್ಚುಗೀಸರ ಮೇಲೆ ಬಂದೂಕು ಹಿಡಿದವರು ಅವರು. ಯಾವುದೋ ಒಂದು ಊರಿನ ಭಾಷೆ ಆರಿಸಿದರೆ ಉಳಿದವರು ಮುನಿಸಿಕೊಳ್ಳುತ್ತಾರೆ ಅನ್ನುವ ಭಯ. 2017ರ ಗಣತಿಯಲ್ಲಿ ಪೋರ್ಚುಗೀಸ್ ತಮ್ಮ ಮಾತೃಭಾಷೆ ಅಂದವರು ನೂರಕ್ಕೆ ಸುಮಾರು 17. ಮಾತಾಡಲು ಬರುತ್ತದೆ ಅಂದವರು ಹೆಚ್ಚುಕಡಿಮೆ ಅರ್ಧ.

ನಮ್ಮ ಮನೆಗೆ ಸಹಾಯಕ್ಕೆ ಬರುತ್ತಿದ್ದ ಅಕ್ಕನಿಗೆ ಪೋರ್ಚುಗೀಸ್ ಬರುತ್ತಿರಲಿಲ್ಲ. ಅವಳ ಮಗಳು ಶಾಲೆಗೆ ಹೋಗುತ್ತಿದ್ದಳು. ಆಸ್ಪತ್ರೆಗೆ ಹೋಗಬೇಕಾದಾಗ ಎಂಟು ವರ್ಷದ ಆ ಮಗು ತಾಯಿಯ ನೋವನ್ನು ಡಾಕ್ಟರಿಗೆ ಪೋರ್ಚುಗೀಸ್‌ನಲ್ಲಿ ಹೇಳುತ್ತಿತ್ತು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ತನ್ನ ದೇಶದಲ್ಲೇ ತನ್ನ ನೋವು ಹೇಳಿಕೊಳ್ಳಲು ಮಗುವಿನ ಬಾಯಿ ಬೇಕಾಯಿತು.

ಒಂದು ಖುಷಿಯ ವಿಷಯವೂ ಹೇಳುತ್ತೇನೆ. ಅಲ್ಲಿ ಬೆಳಿಗ್ಗೆ ರಸ್ತೆ ಬದಿಯಲ್ಲಿ ಬನ್ನಿನೊಳಗೆ "ಬಾಜಿಯಾ" ಇಟ್ಟು ಮಾರುತ್ತಾರೆ. ಅಲಸಂದೆ ಕಾಳು ರುಬ್ಬಿ ಕರಿದದ್ದು. ನಮ್ಮ ಬಜ್ಜಿಯ ಅಣ್ಣತಮ್ಮ. ಸಮೋಸಕ್ಕೆ "ಶಾಮುಸಾ" ಅನ್ನುತ್ತಾರೆ. ನಮ್ಮ ದೇಶದಿಂದ ಹೋದವರು ಕೊಟ್ಟ ಪದಗಳು ಇವು. ಈಗ ಪೋರ್ಚುಗೀಸ್‌ನಲ್ಲೇ ಸೇರಿಹೋಗಿವೆ.

ಭೂಪಟಪ್ರಿಯ

ಅಕ್ಕ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಅಂಗೋಲಾ ಇದಕ್ಕೆ ತದ್ವಿರುದ್ಧ. ಅಲ್ಲಿ 2014ರ ಗಣತಿಯಲ್ಲಿ ನೂರಕ್ಕೆ 71 ಜನ ಮನೆಯಲ್ಲಿ ಪೋರ್ಚುಗೀಸ್ ಆಡುತ್ತೇವೆ ಅಂದಿದ್ದಾರೆ. ಕಾರಣ ಯುದ್ಧ. 1975ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಹಳ್ಳಿ ಬಿಟ್ಟು ಲಕ್ಷಾಂತರ ಜನ ರಾಜಧಾನಿ ಲುವಾಂಡಾ ಸೇರಿದರು. ಉಂಬುಂಡು ಆಡುವವರ ಪಕ್ಕದ ಮನೆಯಲ್ಲಿ ಕಿಂಬುಂಡು ಆಡುವವರು, ಆಚೆ ಮನೆಯಲ್ಲಿ ಕಿಕೊಂಗೊ ಆಡುವವರು. ಮಕ್ಕಳೆಲ್ಲ ಬೀದಿಯಲ್ಲಿ ಸೇರಿ ಆಡಿದ್ದು ಪೋರ್ಚುಗೀಸ್. ಅದೇ ಮನೆಯ ಭಾಷೆಯೂ ಆಯಿತು.

ಬಸವನಗುಡಿ ರಾಯರು

ಇದನ್ನು ಓದಿದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ನೆನಪಾಗುತ್ತದೆ. ಅಪ್ಪ ಕನ್ನಡ, ಅಮ್ಮ ತೆಲುಗು, ಪಕ್ಕದ ಮನೆಯವರು ಬಂಗಾಳಿ. ಮಕ್ಕಳು ಆಟದ ಮೈದಾನದಲ್ಲಿ ಆಡುವುದು ಇಂಗ್ಲಿಷ್. ಯುದ್ಧವಿಲ್ಲದೆ ನಾವು ಅದೇ ದಾರಿ ಹಿಡಿದಿದ್ದೇವೆ.

ತುಮಕೂರು ಸೀಮೆ

ರಾಯರೇ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನಮ್ಮಲ್ಲಿ ಕನ್ನಡಕ್ಕೆ ರಾಜ್ಯ ಇದೆ, ಶಾಲೆ ಇದೆ, ಪತ್ರಿಕೆ ಇದೆ, ಕಾನೂನು ಇದೆ. ಉಂಬುಂಡುಗೆ ಇದ್ಯಾವುದೂ ಇಷ್ಟು ಇರಲಿಲ್ಲ. ನಮ್ಮ ಮಕ್ಕಳು ಕನ್ನಡ ಬಿಟ್ಟರೆ ಅದಕ್ಕೆ ನಾವೇ ಹೊಣೆ.

ಬಸವನಗುಡಿ ರಾಯರು

ಆ ಮಾತು ಒಪ್ಪಿದೆ.

ಕೊಡಿಯಾಲ್ ಬಾಯ್

ಗೋವಾ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಮಂಗಳೂರಿನ ಕೊಂಕಣಿ. ಹೇಳುತ್ತೇನೆ.

1510ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಗೆದ್ದ. ಹೊನ್ನಾವರದ ಕಡೆಯ ತಿಮ್ಮಯ್ಯ ಅವನಿಗೆ ಜೊತೆಯಾಗಿದ್ದ. 1961ರ ಡಿಸೆಂಬರ್ 19ಕ್ಕೆ ಆ ಆಳ್ವಿಕೆ ಮುಗಿಯಿತು. ನಡುವೆ 1684ರಲ್ಲಿ ಒಂದು ಆದೇಶ ಬಂತು. ಮೂರು ವರ್ಷದೊಳಗೆ ಎಲ್ಲರೂ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು ಅಂತ. ಜನ ಬಿಡಲಿಲ್ಲ. ಅಡುಗೆಮನೆಯಲ್ಲಿ, ಗದ್ದೆಯಲ್ಲಿ, ಹಾಡಿನಲ್ಲಿ ಕೊಂಕಣಿಯೇ ಉಳಿಯಿತು. ಪೋರ್ಚುಗೀಸ್ ಕಲಿತವರು ದೊಡ್ಡ ಮನೆತನದವರು, ಸರ್ಕಾರಿ ನೌಕರರು, ವಕೀಲರು. ಅದು ಯಾವತ್ತೂ ಬಹುಜನರ ಭಾಷೆ ಆಗಲಿಲ್ಲ. ಹಾಗಾಗಿ ಸರ್ಕಾರ ಹೋದ ಮೇಲೆ ಭಾಷೆಯನ್ನು ಹಿಡಿದು ನಿಲ್ಲಿಸುವವರು ಕಡಿಮೆಯಾದರು. 1987ರ ಕಾನೂನಿನಲ್ಲಿ ಕೊಂಕಣಿ ಅಧಿಕೃತ ಭಾಷೆಯಾಯಿತು, ಮರಾಠಿಗೂ ಕಚೇರಿಯಲ್ಲಿ ಜಾಗ ಸಿಕ್ಕಿತು.

ಆದರೆ ಪೋರ್ಚುಗೀಸ್ ಪೂರ್ತಿ ಹೋಗಿಲ್ಲ. 1867ರ ಅವರ ಸಿವಿಲ್ ಕೋಡ್‌ನ ಕುಟುಂಬ ಮತ್ತು ಆಸ್ತಿಯ ನಿಯಮಗಳು ಗೋವಾದಲ್ಲಿ ಈಗಲೂ ನಡೆಯುತ್ತವೆ. ಹಳೇ ಜಮೀನು ಪತ್ರಗಳು ಪೋರ್ಚುಗೀಸ್‌ನಲ್ಲಿವೆ. ಓದಿ ಹೇಳುವವರನ್ನು ಹುಡುಕಿಕೊಂಡು ಜನ ಅಲೆಯುತ್ತಾರೆ.

ನಮ್ಮ ಹಿರಿಯರು ಆ ಕಾಲದಲ್ಲೇ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರು. ನಾವು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಮನೆಮಾತಿನಲ್ಲಿ ಕುರ್ಚಿಗೆ ಕದೆಲ್, ಕಿಟಕಿಗೆ ಜನೆಲ್, ಚಮಚಕ್ಕೆ ಕುಲೆರ್ ಅನ್ನುತ್ತೇವೆ. ಮೂರೂ ಪೋರ್ಚುಗೀಸ್.

ಶಿರಸಿ ಹೆಗಡೆ

ಕನ್ನಡದಲ್ಲೂ ಇವೆಯಲ್ಲ. ಪಾದ್ರಿ, ಅನಾನಸು, ಬಟಾಟೆ, ಪಗಾರ, ಚಾವಿ, ಅಲಮಾರು. ಮೇಜು ಕೂಡ.

ಮೈಸೂರು ಮೇಷ್ಟ್ರು

ಮೇಜು ಬೇಡ. ಅದು ಪಾರ್ಸಿಯಲ್ಲೂ "ಮೇಜ್" ಅಂತಲೇ ಇದೆ. ನಮಗೆ ಆ ದಾರಿಯಿಂದ ಬಂದಿರುವ ಸಾಧ್ಯತೆಯೂ ಇದೆ. ಉಳಿದವು ಸರಿ.

ಶಿರಸಿ ಹೆಗಡೆ

ಮೇಷ್ಟ್ರೇ, ಪೋರ್ಚುಗೀಸ್‌ನಲ್ಲಿ "ಮೇಜಾ" ಅಂತ ಇದೆ. ಕರಾವಳಿಗೆ ಬಂದವರು ಅವರು. ಹತ್ತಿರದ ದಾರಿ ಯಾವುದು ನೀವೇ ಹೇಳಿ.

ಮೈಸೂರು ಮೇಷ್ಟ್ರು

ಹತ್ತಿರದ ದಾರಿ ಅಂದ ಮಾತ್ರಕ್ಕೆ ಅದೇ ದಾರಿ ಅಂತ ಆಗುವುದಿಲ್ಲ ಹೆಗಡೆಯವರೇ. ನಮ್ಮ ಕಚೇರಿಯ ಪದಗಳು ಎಷ್ಟೋ ಪಾರ್ಸಿಯಿಂದ ಬಂದವು. ಜಮೀನು, ರಸೀದಿ, ದಫ್ತರ. ಮೇಜು ಆ ಗುಂಪಿನಲ್ಲೇ ಬಂದಿರಬಹುದು.

ಇನ್ನೊಂದು ಪದ ಗಮನಿಸಿ. ನಮ್ಮ ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಅನ್ನುತ್ತೇವೆ. ಪರಂಗಿ ಅಂದರೆ ಹಡಗಿನಲ್ಲಿ ಬಂದ ಬಿಳಿಯ. ಹಣ್ಣು ಅಮೆರಿಕ ಖಂಡದ್ದು. ತಂದವರ ಹೆಸರನ್ನು ನಮ್ಮಜ್ಜಿಯರು ಹಣ್ಣಿಗೇ ಇಟ್ಟುಬಿಟ್ಟರು.

ಗೇರುಬೀಜ ಕಾರ್ಕಳ

ಗೇರು ಕೂಡ ಹಾಗೇ ಬಂದದ್ದು. ಬ್ರೆಜಿಲ್‌ನ ಮರ ಅದು. ಅಲ್ಲಿನ ಮೂಲನಿವಾಸಿ ತುಪಿ ಜನರ ಪದ ಪೋರ್ಚುಗೀಸರ ಬಾಯಲ್ಲಿ "ಕಾಜು" ಆಯಿತು. ಅವರು ಗಿಡ ತಂದು ಗೋವಾದಲ್ಲೂ ನಮ್ಮ ಕರಾವಳಿಯಲ್ಲೂ ನೆಟ್ಟರು, ಆಫ್ರಿಕಾದಲ್ಲೂ ನೆಟ್ಟರು. ಈಗ ಆಫ್ರಿಕಾದ ಬೀಜ ನಮ್ಮ ಕಾರ್ಖಾನೆಗೆ ಬರುತ್ತದೆ. ಬಿಸ್ಸಾವ್‌ನಲ್ಲಿ ನಾನು ಮೊದಲ ದಿನ "ಕಾಜು" ಅಂದೆ. ಆ ಒಂದು ಪದ ಮಾತ್ರ ಎಲ್ಲರಿಗೂ ಅರ್ಥ ಆಯಿತು.

ಲಿಸ್ಬನ್ ಕನ್ನಡಿಗ

ವಿಷಯಕ್ಕೆ ಬರೋಣ. ನಾನು ಲಿಸ್ಬನ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಎಲ್ಲರೂ ಪೋರ್ಚುಗಲ್ ಅಂದರೆ ಭಾಷೆಯ ತವರು ಅಂತ ಮೊದಲು ಬರೆಯುತ್ತಾರೆ. ಜನಸಂಖ್ಯೆ ನೋಡಿ. ಪೋರ್ಚುಗಲ್ ಒಂದು ಕೋಟಿ ಚಿಲ್ಲರೆ. ಕರ್ನಾಟಕದ ಆರನೇ ಒಂದು ಭಾಗವೂ ಕಷ್ಟ. ಬ್ರೆಜಿಲ್ 2022ರ ಗಣತಿಯಲ್ಲಿ 20 ಕೋಟಿ ದಾಟಿದೆ. ತವರಿಗಿಂತ ಮಗಳ ಮನೆ ಇಪ್ಪತ್ತು ಪಟ್ಟು ದೊಡ್ಡದು.

ನಾನು ಬರುವ ಮುಂಚೆ ಕಲಿತದ್ದು ಬ್ರೆಜಿಲ್ ಉಚ್ಚಾರ. ಅಲ್ಲಿ ಸ್ವರಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಾರೆ, ಹಾಡಿದ ಹಾಗೆ. ಇಲ್ಲಿ ಬಂದರೆ ಅರ್ಧ ಸ್ವರ ನುಂಗಿಬಿಡುತ್ತಾರೆ. ಮೊದಲ ಆರು ತಿಂಗಳು ಅಂಗಡಿಯಲ್ಲಿ ಬರೀ ಕೈಸನ್ನೆ ಮಾಡುತ್ತಿದ್ದೆ. ಪದಗಳೂ ಬೇರೆ. ಬಸ್ಸಿಗೆ ಇಲ್ಲಿ "ಔಟೊಕಾರ್ರು", ಬ್ರೆಜಿಲ್‌ನಲ್ಲಿ "ಓನಿಬುಸ್". ರೈಲಿಗೆ ಇಲ್ಲಿ "ಕೊಂಬೊಯು", ಅಲ್ಲಿ "ಟ್ರೇಂ".

ತೆಟೆಯಿಂದ ಸೌಮ್ಯಕ್ಕ

ಮೊಜಾಂಬಿಕ್‌ನಲ್ಲಿ ಬಸ್ಸಿಗೆ "ಮಶಿಂಬೊಂಬು"! ಅಂಗೋಲಾದಲ್ಲೂ ಅದೇ ಪದ.

ದಾವಣಗೆರೆ ಬೆಣ್ಣೆ

ಮಶಿಂಬೊಂಬು ಪದ ನನಗೆ ತುಂಬಾ ಇಷ್ಟವಾಯಿತು. ಇವತ್ತಿನಿಂದ ನಮ್ಮ ಮನೆಯಲ್ಲಿ ಮಕ್ಕಳಿಗೆ ಬಸ್ಸು ಅಂದರೆ ಮಶಿಂಬೊಂಬು.

ಮೈಸೂರು ಮೇಷ್ಟ್ರು

ಇಷ್ಟು ಬೇರೆ ಬೇರೆಯಾಗಿದ್ದಕ್ಕೇ 1990ರಲ್ಲಿ ಕಾಗುಣಿತದ ಒಪ್ಪಂದ ಮಾಡಿದರು. ಎಲ್ಲ ದೇಶಗಳೂ ಒಂದೇ ಥರ ಬರೆಯಲಿ ಅಂತ. ಬ್ರೆಜಿಲ್, ಪೋರ್ಚುಗಲ್ 2009ರಿಂದ ಜಾರಿಗೆ ತಂದವು. ಪೋರ್ಚುಗಲ್‌ನಲ್ಲಿ ಅದರ ಮೇಲೆ ದೊಡ್ಡ ಜಗಳ ನಡೆಯಿತು. ನಮ್ಮ ಬರಹವನ್ನು ಬ್ರೆಜಿಲ್‌ಗೆ ತಕ್ಕಂತೆ ಯಾಕೆ ಬದಲಿಸಬೇಕು ಅನ್ನುವುದು ಅನೇಕರ ಕೋಪ.

ಲಿಸ್ಬನ್ ಕನ್ನಡಿಗ

ಆ ಕೋಪ ಇನ್ನೂ ಇದೆ ಮೇಷ್ಟ್ರೇ. ನನ್ನ ಪಕ್ಕದ ಮನೆಯ ಅಜ್ಜಿ ಹಳೇ ಕಾಗುಣಿತದಲ್ಲೇ ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತಾರೆ.

ಕಾಡುಮಲ್ಲಿಗೆ

ಬ್ರೆಜಿಲ್‌ಗೆ ಬಂದರೆ ಎಲ್ಲರೂ "20 ಕೋಟಿ ಜನ ಆಡುವ ಭಾಷೆ" ಅಂದು ಮುಂದೆ ಹೋಗುತ್ತಾರೆ. ಅದು ಹೇಗಾಯಿತು ಅಂತಲೂ ಹೇಳಬೇಕು. ಮೊದಲ ಇನ್ನೂರು ವರ್ಷ ಆ ನೆಲದ ದೊಡ್ಡ ಭಾಗದಲ್ಲಿ ಓಡಾಡುತ್ತಿದ್ದದ್ದು ತುಪಿ ಮೂಲದ "ಲಿಂಗುವಾ ಜೆರಾಲ್", ಅಂದರೆ ಸಾಮಾನ್ಯ ಭಾಷೆ. ಪೋರ್ಚುಗೀಸ್ ಮನೆತನದವರೂ ಅದನ್ನೇ ಆಡುತ್ತಿದ್ದರು. 1758ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಆಳ್ವಿಕೆ ಪೋರ್ಚುಗೀಸ್ ಕಡ್ಡಾಯ ಮಾಡಿತು. ಹಾಗೆ ತಳ್ಳಿಸಿಕೊಂಡ ಭಾಷೆಯ ಒಂದು ಕೊಂಬೆ ಅಮೆಜಾನ್‌ನಲ್ಲಿ ಇನ್ನೂ ಇದೆ. ಅದರ ಹೆಸರು ನ್ಯೆಂಗಾತು. ಸಾವೊ ಗೇಬ್ರಿಯೆಲ್ ದ ಕಶೊಯೆರಾ ಅನ್ನುವ ಊರಿನ ಆಡಳಿತ 2002ರಲ್ಲಿ ಅದಕ್ಕೂ ತುಕಾನೊ, ಬನೀವಾ ಭಾಷೆಗಳಿಗೂ ಪೋರ್ಚುಗೀಸ್ ಜೊತೆ ಅಧಿಕೃತ ಸ್ಥಾನ ಕೊಟ್ಟಿತು. ನನಗೆ ಇಡೀ ಪಟ್ಟಿಯಲ್ಲಿ ಮನಸ್ಸಿಗೆ ಹತ್ತಿರವಾದ ಊರು ಇದು.

ತುಮಕೂರು ಸೀಮೆ

ಇದು ನಿಜಕ್ಕೂ ಒಳ್ಳೆ ಮಾಹಿತಿ. ಧನ್ಯವಾದ.

ದಿಲಿಯಲ್ಲಿ ಎರಡು ವರ್ಷ

ಪೂರ್ವ ಟಿಮೋರ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅಲ್ಲಿನ ರಾಜಧಾನಿ ದಿಲಿಯಲ್ಲಿ ನರ್ಸ್ ಆಗಿ ಎರಡು ವರ್ಷ ಕೆಲಸ ಮಾಡಿದ್ದೇನೆ.

1975ರಲ್ಲಿ ಪೋರ್ಚುಗೀಸರು ಹೊರಟರು. ಅದೇ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾ ಸೇನೆ ನುಗ್ಗಿತು. ಶಾಲೆಯಲ್ಲಿ ಪೋರ್ಚುಗೀಸ್ ನಿಂತುಹೋಯಿತು. ಕಾಡಿನಲ್ಲಿದ್ದ ಹೋರಾಟಗಾರರು ಮಾತ್ರ ಅದನ್ನು ಉಳಿಸಿಕೊಂಡರು. ತಮ್ಮೊಳಗಿನ ಪತ್ರಗಳನ್ನು ಪೋರ್ಚುಗೀಸ್‌ನಲ್ಲಿ ಬರೆದರು. 1999ರಲ್ಲಿ ಜನಮತ, 2002ರ ಮೇ 20ಕ್ಕೆ ಸ್ವಾತಂತ್ರ್ಯ. ಸಂವಿಧಾನದಲ್ಲಿ ಸ್ಥಳೀಯ ಭಾಷೆ ತೆತುಮ್ ಮತ್ತು ಪೋರ್ಚುಗೀಸ್ ಎರಡೂ ಅಧಿಕೃತ. ಇಂಡೋನೇಷ್ಯನ್ ಮತ್ತು ಇಂಗ್ಲಿಷ್ ಕಚೇರಿ ಕೆಲಸಕ್ಕೆ.

ಹಾಗಾಗಿ ಒಂದೇ ಮನೆಯಲ್ಲಿ ನಾಲ್ಕು ಭಾಷೆ. ನನ್ನ ವಾರ್ಡ್‌ನಲ್ಲಿ ಒಬ್ಬ ತಾತ ಇದ್ದರು. ಅವರು ಪ್ರಾರ್ಥನೆ ಮಾಡುವುದು ಪೋರ್ಚುಗೀಸ್‌ನಲ್ಲಿ. ಮಗ ಓದಿದ್ದು ಇಂಡೋನೇಷ್ಯನ್‌ನಲ್ಲಿ. ಮೊಮ್ಮಗಳು ಇಂಗ್ಲಿಷ್ ಹಾಡು ಕೇಳುತ್ತಿದ್ದಳು. ಮೂವರೂ ಸೇರಿದಾಗ ತೆತುಮ್. ಕಾನೂನು ಪೋರ್ಚುಗೀಸ್‌ನಲ್ಲಿ ಬರೆದಿರುತ್ತದೆ, ಅದನ್ನು ಓದಬೇಕಾದ ನಡುವಯಸ್ಸಿನವರಿಗೇ ಅದು ಕಷ್ಟ. ಆದರೆ ತಾತನಿಗೆ ಅದು ಆಳಿದವರ ಭಾಷೆ ಆಗಿರಲಿಲ್ಲ. ತನ್ನ ಹೋರಾಟದ ಭಾಷೆ ಆಗಿತ್ತು. ಈ ಮಾತನ್ನು ಅವರು ನನ್ನ ಕೈ ಹಿಡಿದುಕೊಂಡು ಹೇಳಿದ್ದರು.

ಭೂಪಟಪ್ರಿಯ

ಅಕ್ಕ, ಇದನ್ನು ಓದಿ ನನ್ನ ಕಾನೂನಿನ ವಾದ ತುಂಬಾ ತೆಳ್ಳಗೆ ಕಾಣುತ್ತಿದೆ. ಸಂಖ್ಯೆ ಒಂಬತ್ತೇ. ಆದರೆ ಒಂಬತ್ತೂ ಒಂದೇ ಥರದ ಒಂಬತ್ತಲ್ಲ.

ಹಾಂಕಾಂಗ್ ರವಿ

ಮಕಾವ್ ಬಗ್ಗೆ ಎರಡು ಮಾತು. 1999ರ ಡಿಸೆಂಬರ್ 20ಕ್ಕೆ ಪೋರ್ಚುಗಲ್ ಅದನ್ನು ಚೀನಾಕ್ಕೆ ಬಿಟ್ಟುಕೊಟ್ಟಿತು. ಚೀನೀ ಭಾಷೆಯ ಜೊತೆ ಪೋರ್ಚುಗೀಸ್ ಅಲ್ಲಿ ಈಗಲೂ ಅಧಿಕೃತ. ಬೀದಿ ಹೆಸರುಗಳು ನೀಲಿ ಬಿಳಿ ಹೆಂಚಿನ ಮೇಲೆ ಎರಡೂ ಭಾಷೆಯಲ್ಲಿ ಇವೆ. ಬಸ್ಸಿನಲ್ಲಿ ನಿಲ್ದಾಣದ ಹೆಸರನ್ನು ಪೋರ್ಚುಗೀಸ್‌ನಲ್ಲೂ ಕೂಗುತ್ತದೆ. ಇಡೀ ದಿನ ಸುತ್ತಿದೆ. ಆ ಬಸ್ಸಿನ ಧ್ವನಿ ಬಿಟ್ಟರೆ ಒಬ್ಬರ ಬಾಯಲ್ಲೂ ಕೇಳಲಿಲ್ಲ. ಕೋರ್ಟು ಕಚೇರಿಯಲ್ಲಿ ಮಾತ್ರ ಬೇಕೇ ಬೇಕು, ಕಾನೂನೆಲ್ಲ ಆ ಅಡಿಪಾಯದ ಮೇಲೆ ಕಟ್ಟಿದ್ದು.

ಹಾಸನದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮಗಳು ಇದೆಲ್ಲ ಓದಿ ಟೀಚರಿಗೆ ಒಂದು ಪತ್ರ ಬರೆದಳು. ಈಕ್ವಟೋರಿಯಲ್ ಗಿನಿ, 2010, 2014 ಎಲ್ಲ ಹಾಕಿದ್ದಾಳೆ. ಟೀಚರ್ ಓದಿ ಇವಳ ಉತ್ತರವೇ ಸರಿ ಅಂದರಂತೆ. ಅಂಕ ವಾಪಸ್ ಬರಲಿಲ್ಲ, ಕ್ವಿಜ್ ಮುಗಿದುಹೋಗಿದೆ. ಆದರೆ ಕ್ಲಾಸಿನಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟರಂತೆ. ಇವಳು ಗಿನಿ-ಬಿಸ್ಸಾವ್ ಮತ್ತು ಗೇರುಬೀಜದ ಕಥೆ ಹೇಳಿದಳಂತೆ.

ಈಗ ಪ್ರತಿ ದೇಶಕ್ಕೂ ಎರಡು ಬಣ್ಣ ಹಾಕಿ ಭೂಪಟ ಮಾಡುತ್ತಿದ್ದಾಳೆ. ಕಾಗದದ ಭಾಷೆಗೆ ಒಂದು ಬಣ್ಣ, ಬಾಯಿಯ ಭಾಷೆಗೆ ಒಂದು.

ಗೇರುಬೀಜ ಕಾರ್ಕಳ

ಸಂತೋಷ ಆಯಿತು ಅಕ್ಕ. ಮುಂದಿನ ಸೀಸನ್‌ಗೆ ಬಿಸ್ಸಾವ್‌ಗೆ ಹೋಗುವವನಿದ್ದೇನೆ. ಮಗಳಿಗೆ ಅಲ್ಲಿಯ ನೋಟು ತರಲಾ? ಆದರೆ ಒಂದು ವಿಷಯ ಅವಳಿಗೆ ಮೊದಲೇ ಹೇಳಿ. 1997ರಿಂದ ಅಲ್ಲಿ ನಡೆಯುವುದು ಅಕ್ಕಪಕ್ಕದ ದೇಶಗಳ ಸಿಎಫ್ಎ ಫ್ರಾಂಕ್. ಆ ನೋಟಿನ ಮೇಲಿರುವುದು ಫ್ರೆಂಚ್. ಪೋರ್ಚುಗೀಸ್ ಒಂದಕ್ಷರ ಇಲ್ಲ.

ಹಾಸನದ ಅಮ್ಮ

ಅಯ್ಯೋ, ಅಧಿಕೃತ ಭಾಷೆ ನೋಟಿನ ಮೇಲೂ ಇಲ್ವಾ! ಪಕ್ಕದಲ್ಲೇ ಕೂತಿದ್ದಾಳೆ. ಹಾಗಾದರೆ ಮೂರನೇ ಬಣ್ಣ ಬೇಕು ಅಂತಿದ್ದಾಳೆ.

ಗೇರುಬೀಜ ಕಾರ್ಕಳ

ಅದಕ್ಕೂ ಮುಂಚಿನ ಪೆಸೊ ನೋಟುಗಳು ಪೋರ್ಚುಗೀಸ್‌ನಲ್ಲಿದ್ದವು. ಹಳೇ ವ್ಯಾಪಾರಿಗಳ ಹತ್ತಿರ ಕೆಲವು ಇರುತ್ತವೆ. ಕೇಳಿ ನೋಡುತ್ತೇನೆ. ಸಿಕ್ಕರೆ ಒಂದು ಪೆಸೊ, ಒಂದು ಫ್ರಾಂಕ್, ಎರಡೂ ಹಾಸನಕ್ಕೆ ಅಂಚೆಯಲ್ಲಿ ಕಳಿಸುತ್ತೇನೆ.